ಲೆಕ್ಕದ ಚಿತ್ರ ಗ್ರಾಮಸಭೆಗೆ ಅರ್ಥವಾಗುವುದು ಹೇಗೆ?

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ: ಸಿಮ್ಯುಲೇಷನ್ ಫಲಿತಾಂಶಗಳ ನಕ್ಷೆಗಳನ್ನು ಓದುವ ಹಾಗೂ ಬರೆಸುವ ಕ್ರಮ)

ಮಳೆಗಾಲದಲ್ಲಿ ತುಂಗೆ ಉಕ್ಕಿದಾಗ ಗಾಜನೂರು ಜಲಾಶಯದಿಂದ ಎಷ್ಟು ಕ್ಯುಸೆಕ್ ನೀರು ಹೊರಬಿಡಲಾಗಿದೆ ಎಂಬ ಅಂಕಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆದರೆ ಶಿವಮೊಗ್ಗದ ಜನರು ಹೊಳೆಯ ಸ್ಥಿತಿಯನ್ನು ಅಳೆಯುವುದು ಆ ಅಂಕಿಯಿಂದಲ್ಲ. ಕೋರ್ಪಲಯ್ಯನ ಛತ್ರದ ಬಳಿ ನದಿಯೊಳಗಿರುವ ಕಲ್ಲಿನ ಮಂಟಪದಿಂದ. ಮಂಟಪ ಮುಳುಗಿತೆಂದರೆ ತಗ್ಗು ಬಡಾವಣೆಯವರು ಸಾಮಾನು ಮೇಲಕ್ಕೆತ್ತಲು ಆರಂಭಿಸುತ್ತಾರೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಅದು ನಿಖರವಾದ ಅಳತೆಯೇ ಸರಿ. ಆದರೂ ಜನರ ಪ್ರಶ್ನೆ "ಎಷ್ಟು ನೀರು?" ಎಂಬುದಲ್ಲ, "ನಮ್ಮ ಮನೆಯ ಹೊಸ್ತಿಲಿಗೆ ಬರುತ್ತದೆಯೇ?" ಎಂಬುದು. ಮಂಟಪ ಈ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತದೆ.

ಕುಡಿಯುವ ನೀರಿನ ಕೊಳವೆ ಜಾಲ, ಕೆರೆ ಕೋಡಿ, ಚರಂಡಿ, ಕಿರುಸೇತುವೆ ಮುಂತಾದ ಕಾಮಗಾರಿಗಳ ವಿನ್ಯಾಸದಲ್ಲಿ ಇಂದು ಗಣಕಯಂತ್ರದ ಲೆಕ್ಕಾಚಾರವು ಸಾಮಾನ್ಯವಾಗಿದೆ. ಅದರ ಫಲಿತಾಂಶವು ಬಣ್ಣಬಣ್ಣದ ನಕ್ಷೆಯಾಗಿ ಸಭೆಯ ಮುಂದೆ ಬರುತ್ತದೆ. ಆ ನಕ್ಷೆಯನ್ನು ಆಧರಿಸಿ ಹಣ ವೆಚ್ಚವಾಗುತ್ತದೆ, ಕೊಳವೆ ಹೂಳಲ್ಪಡುತ್ತದೆ. ಒಮ್ಮೆ ಹೂತ ಕೊಳವೆಯನ್ನು ಬದಲಿಸುವುದು ಸುಲಭವಲ್ಲ. ಆದ್ದರಿಂದ ನಕ್ಷೆಯು ಏನನ್ನು ತೋರಿಸುತ್ತಿದೆ, ಏನನ್ನು ಮರೆಮಾಡುತ್ತಿದೆ ಎಂಬುದನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಸಿಮ್ಯುಲೇಷನ್ ಎಂದರೇನು?

ಕಾಮಗಾರಿಯನ್ನು ನೆಲದ ಮೇಲೆ ಕಟ್ಟುವ ಮೊದಲು ಅದನ್ನು ಲೆಕ್ಕದಲ್ಲಿ ಕಟ್ಟಿ, ಲೆಕ್ಕದಲ್ಲಿಯೇ ನೀರು ಹರಿಸಿ ನೋಡುವುದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಕೊಳವೆ ಜಾಲದ ಲೆಕ್ಕಕ್ಕೆ 'ಇಪಿಎನೆಟ್', ನದಿ ಪ್ರವಾಹದ ಲೆಕ್ಕಕ್ಕೆ 'ಹೆಕ್-ರಾಸ್' ಎಂಬ ತಂತ್ರಾಂಶಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಇವೆರಡೂ ಅಮೆರಿಕದ ಸರ್ಕಾರಿ ಸಂಸ್ಥೆಗಳು ಸಿದ್ಧಪಡಿಸಿ ಉಚಿತವಾಗಿ ನೀಡಿರುವಂಥವು. ನೆಲದ ಎತ್ತರ, ಕೊಳವೆಯ ವ್ಯಾಸ, ಮನೆಗಳ ಸಂಖ್ಯೆ, ನೀರಿನ ಬೇಡಿಕೆ ಇವನ್ನು ಒದಗಿಸಿದರೆ ಪ್ರತಿ ಕೂಡುಸ್ಥಾನದಲ್ಲಿ ನೀರಿನ ಒತ್ತಡ ಎಷ್ಟೆಂಬುದನ್ನು ತಂತ್ರಾಂಶ ತಿಳಿಸುತ್ತದೆ. ಒತ್ತಡವನ್ನು ಮೀಟರ್‌ಗಳಲ್ಲಿ ಹೇಳುವುದು ರೂಢಿ. 7 ಮೀಟರ್ ಒತ್ತಡವೆಂದರೆ ಆ ಸ್ಥಳದಲ್ಲಿ ಕೊಳವೆಯನ್ನು ನೇರವಾಗಿ ಮೇಲಕ್ಕೆ ನಿಲ್ಲಿಸಿದರೆ ನೀರು 7 ಮೀಟರ್ ಏರಿ ನಿಲ್ಲುತ್ತದೆ ಎಂದರ್ಥ.

ಒಂದು ಊರಿನ ಉದಾಹರಣೆ

ಕುಂಸಿ ಹೋಬಳಿಯಂಥ ಅರೆಮಲೆನಾಡಿನಲ್ಲಿ ಒಂದೇ ಊರಿನೊಳಗೆ ಏರು ತಗ್ಗುಗಳಿರುವುದು ಸಹಜ. ಪಾಠಕ್ಕಾಗಿ ಇಂತಹ ಒಂದು ಊರನ್ನು ಕಲ್ಪಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ಯಾವ ನಿಜವಾದ ಊರಿನವೂ ಅಲ್ಲ.

ಊರಿನ ಮೇಲ್ತೊಟ್ಟಿಯಲ್ಲಿ ನೀರಿನ ಮಟ್ಟ ತೊಟ್ಟಿಯ ಬುಡದ ನೆಲದಿಂದ 15 ಮೀಟರ್ ಎತ್ತರದಲ್ಲಿದೆ. ಊರಿನ ಕೊನೆಯ ಕೇರಿ ದಿಣ್ಣೆಯ ಮೇಲಿದ್ದು, ಅದರ ನೆಲ ತೊಟ್ಟಿಯ ಬುಡಕ್ಕಿಂತ 5 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಅಲ್ಲಿ ದೊರೆಯಬಹುದಾದ ಗರಿಷ್ಠ ಒತ್ತಡ 10 ಮೀಟರ್. ಬೆಳಗಿನ ಆರು ಗಂಟೆಗೆ ಎಲ್ಲರೂ ನಲ್ಲಿ ತಿರುಗಿಸಿದಾಗ, ಕೇರಿಗೆ ಹೋಗುವ 63 ಮಿ.ಮೀ. ಕೊಳವೆಯ ಘರ್ಷಣೆಯಲ್ಲಿ 6 ಮೀಟರ್ ನಷ್ಟವಾಗುತ್ತದೆ. ಉಳಿಯುವುದು 4 ಮೀಟರ್. ತಗ್ಗಿನ ಕೇರಿಯ ನೆಲ ತೊಟ್ಟಿಯ ಬುಡಕ್ಕಿಂತ 10 ಮೀಟರ್ ಕೆಳಗಿದೆ. ಅಲ್ಲಿ 3 ಮೀಟರ್ ನಷ್ಟ ಕಳೆದರೂ 22 ಮೀಟರ್ ಒತ್ತಡವಿರುತ್ತದೆ. ನೀರು ಸರಬರಾಜಿನ ಬಗ್ಗೆ ಕೇಂದ್ರ ಸರ್ಕಾರದ 1999ರ ಕೈಪಿಡಿಯು ಒಂದಂತಸ್ತಿನ ಕಟ್ಟಡಕ್ಕೆ ಕನಿಷ್ಠ 7 ಮೀಟರ್, ಎರಡಂತಸ್ತಿನದಕ್ಕೆ 12 ಮೀಟರ್ ಒತ್ತಡವನ್ನು ಸೂಚಿಸಿದೆ. ಈ ಲೆಕ್ಕದಲ್ಲಿ ಕೊನೆಯ ಕೇರಿ ಅನುತ್ತೀರ್ಣವಾಗಿದೆ. ಮನೆಮನೆಗೆ ನಲ್ಲಿ ಬಂದರೂ ಅಲ್ಲಿ ಕೊಡ ತುಂಬಲು ಬಹಳ ಹೊತ್ತು ಬೇಕು. ಯಾರಾದರೂ ಕೊಳವೆಗೆ ಮೋಟಾರ್ ಜೋಡಿಸಿದರೆ ಪಕ್ಕದ ಮನೆಗೆ ಅದೂ ಇಲ್ಲ.

ಲೆಕ್ಕ ಸರಿಯಾಗಿದೆ. ಆದರೆ ಇದೇ ಲೆಕ್ಕದ ಚಿತ್ರವು ಸಭೆಯನ್ನು ನಾಲ್ಕು ರೀತಿಯಲ್ಲಿ ದಾರಿ ತಪ್ಪಿಸಬಲ್ಲದು.

ಮೊದಲನೆಯದು, ಬಣ್ಣಗಳ ಅರ್ಥ. ಇಪಿಎನೆಟ್ ತಾನಾಗಿ ಬಳಸುವ ಬಣ್ಣಗಳಲ್ಲಿ ಅತಿ ಕಡಿಮೆ ಒತ್ತಡಕ್ಕೆ ನೀಲಿ, ಅತಿ ಹೆಚ್ಚಿಗೆ ಕೆಂಪು. ಜನಸಾಮಾನ್ಯರಿಗೆ ನೀಲಿ ಎಂದರೆ ನೀರು, ಕೆಂಪು ಎಂದರೆ ಅಪಾಯ. ಹಾಗಾಗಿ ನೀರು ಸಾಲದ ದಿಣ್ಣೆಯ ಕೇರಿ ನೀರಿನಿಂದ ತುಂಬಿದಂತೆಯೂ, ಸಮೃದ್ಧವಾದ ತಗ್ಗಿನ ಕೇರಿ ಸಂಕಟದಲ್ಲಿರುವಂತೆಯೂ ಕಾಣುತ್ತದೆ.

ಎರಡನೆಯದು, ಬದಲಾಗುವ ಮಾಪಕ. 63 ಮಿ.ಮೀ. ಕೊಳವೆಯ ಬದಲು 90 ಮಿ.ಮೀ. ಕೊಳವೆ ಹಾಕಿದರೆ ಅದೇ ಹರಿವಿಗೆ ಘರ್ಷಣೆ ನಷ್ಟ 6 ಮೀಟರ್‌ನಿಂದ ಸುಮಾರು 1 ಮೀಟರಿಗೆ ಇಳಿಯುತ್ತದೆ. ವ್ಯಾಸ ಒಂದೂವರೆ ಪಟ್ಟಿಗೂ ಕಡಿಮೆ ಹೆಚ್ಚಿದರೂ ನಷ್ಟ ಆರನೆಯ ಒಂದು ಭಾಗದಷ್ಟಾಗುತ್ತದೆ. ಕೇರಿಯ ಒತ್ತಡ 4ರಿಂದ 9 ಮೀಟರಿಗೆ ಏರಿ ಮಾನದಂಡವನ್ನು ದಾಟುತ್ತದೆ. ಆದರೆ ಪ್ರತಿ ಚಿತ್ರದಲ್ಲಿಯೂ ಇರುವ ಅಂಕಿಗಳಲ್ಲಿ ಕನಿಷ್ಠಕ್ಕೆ ನೀಲಿ ಎಂದು ತಂತ್ರಾಂಶವೇ ಮಾಪಕವನ್ನು ಹೊಂದಿಸಿಕೊಂಡರೆ, 4 ಮೀಟರ್ ಇದ್ದಾಗಲೂ ಕೇರಿ ನೀಲಿ, 9 ಮೀಟರ್ ಆದಾಗಲೂ ನೀಲಿ. ಮೊದಲಿನ ಮತ್ತು ನಂತರದ ಚಿತ್ರಗಳು ಒಂದೇ ಆಗಿ ಕಾಣುತ್ತವೆ. "ದಪ್ಪ ಕೊಳವೆಯಿಂದ ಪ್ರಯೋಜನವಿಲ್ಲ, ಹೆಚ್ಚಿನ ವೆಚ್ಚ ಏಕೆ?" ಎಂದು ಸಭೆ ತೀರ್ಮಾನಿಸಿದರೆ ತಪ್ಪು ಸಭೆಯದಲ್ಲ, ಚಿತ್ರದ್ದು.

ಮೂರನೆಯದು, ಸಮಯ. ನಡುರಾತ್ರಿ ಯಾರೂ ನಲ್ಲಿ ತೆರೆಯದಿದ್ದಾಗ ಹರಿವಿಲ್ಲ, ಆದ್ದರಿಂದ ಘರ್ಷಣೆ ನಷ್ಟವೂ ಇಲ್ಲ. ಆಗ ಕೊನೆಯ ಕೇರಿಯಲ್ಲಿಯೂ 10 ಮೀಟರ್ ಒತ್ತಡ ಇರುತ್ತದೆ. ರಾತ್ರಿಯ ಚಿತ್ರವನ್ನು ತೋರಿಸಿದರೆ ಇಡೀ ಊರು ಉತ್ತೀರ್ಣ. ಸುಳ್ಳು ಹೇಳದೆಯೇ ಸತ್ಯವನ್ನು ಮುಚ್ಚಬಹುದಾದ ಬಗೆ ಇದು.

ನಾಲ್ಕನೆಯದು, ಕಪ್ಪು ಬಿಳುಪು ಪ್ರತಿ. ಪಂಚಾಯಿತಿ ಸೂಚನಾ ಫಲಕಕ್ಕೆ ಅಂಟಿಸುವುದು ಬಹುತೇಕ ಜೆರಾಕ್ಸ್ ಪ್ರತಿಯನ್ನೇ. ಅದರಲ್ಲಿ ಕಡು ನೀಲಿಯೂ ಕೆಂಪೂ ಕಪ್ಪಾಗಿ, ನಡುವಿನ ಹಳದಿ ಬಿಳಿಯಾಗಿ ಮೂಡುತ್ತವೆ. ಅತಿ ಕಡಿಮೆ ನೀರಿರುವ ಕೇರಿಗೂ ಅತಿ ಹೆಚ್ಚು ನೀರಿರುವ ಕೇರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣಿನವರೂ ಪ್ರತಿ ಊರಿನಲ್ಲಿ ಕೆಲವರಿರುತ್ತಾರೆ ಎಂಬುದನ್ನು ಮರೆಯಬಾರದು.

ಸರಿಯಾದ ಚಿತ್ರದ ಲಕ್ಷಣಗಳು

ಮೇಲಿನ ದೋಷಗಳಿಗೆ ದುಬಾರಿ ಪರಿಹಾರ ಬೇಕಿಲ್ಲ. ಈ ಕೆಳಗಿನ ಅಂಶಗಳನ್ನು ಪಾಲಿಸಿದರೆ ಸಾಕು.

1. ಬಣ್ಣ ಬದಲಾಗುವ ಗೆರೆಯು ಬಳಕೆದಾರರ ಸ್ಥಿತಿ ಬದಲಾಗುವ ಗೆರೆಯೇ ಆಗಿರತಕ್ಕದ್ದು. ನೀರಿನ ಒತ್ತಡಕ್ಕೆ ಹತ್ತು ಬಣ್ಣಗಳು ಬೇಡ. 7 ಮೀಟರಿಗಿಂತ ಕಡಿಮೆ, 7ರಿಂದ 12, 12ಕ್ಕಿಂತ ಹೆಚ್ಚು ಎಂಬ ಮೂರು ವರ್ಗಗಳು ಸಾಕು.

2. ಹೋಲಿಸಬೇಕಾದ ಎಲ್ಲ ಚಿತ್ರಗಳಿಗೂ ಒಂದೇ ಮಾಪಕವಿರತಕ್ಕದ್ದು. ಮೊದಲಿನ ಚಿತ್ರ ಮತ್ತು ನಂತರದ ಚಿತ್ರ ಒಂದೇ ಹಾಳೆಯಲ್ಲಿ ಅಕ್ಕಪಕ್ಕದಲ್ಲಿರಲಿ.

3. ಒಂದೇ ಬಣ್ಣದ ತಿಳಿ ಮತ್ತು ಗಾಢ ಛಾಯೆಗಳನ್ನು ಬಳಸಿ, ಸಮಸ್ಯೆ ಹೆಚ್ಚಿರುವಲ್ಲಿ ಛಾಯೆ ಗಾಢವಾಗಿರಲಿ. ಜೆರಾಕ್ಸ್‌ನಲ್ಲಿಯೂ ಇದು ಉಳಿಯುತ್ತದೆ. ಮುಖ್ಯ ಸ್ಥಳಗಳಲ್ಲಿ ಅಂಕಿಯನ್ನೂ ಬರೆಯತಕ್ಕದ್ದು.

4. ಕೂಡುಸ್ಥಾನ ಸಂಖ್ಯೆ 14, 27 ಎಂಬ ಗುರುತುಗಳ ಬದಲು ಜನರು ಬಲ್ಲ ಗುರುತುಗಳಿರಲಿ: ಅಂಗನವಾಡಿ, ಶಾಲೆ, ಅರಳಿಕಟ್ಟೆ, ಹಾಲಿನ ಡೇರಿ, ಸಾಗರ ರಸ್ತೆ, ರೈಲು ನಿಲ್ದಾಣ. ತುಂಗೆಯ ಮಂಟಪವು ಕಲಿಸುವ ಪಾಠ ಇದೇ.

5. ಶೀರ್ಷಿಕೆಯು ಫಲಿತಾಂಶವನ್ನು ಹೇಳತಕ್ಕದ್ದು. "ಒತ್ತಡ ವಿಶ್ಲೇಷಣೆ" ಎಂಬುದಕ್ಕಿಂತ "ಬೆಳಗಿನ ಆರು ಗಂಟೆಗೆ ದಿಣ್ಣೆ ಕೇರಿಗೆ ಬೇಕಾದಷ್ಟು ಒತ್ತಡ ದೊರೆಯುವುದಿಲ್ಲ" ಎಂಬುದು ಉತ್ತಮ.

6. ಚಿತ್ರದ ಕೆಳಗೆ ಲೆಕ್ಕದ ಆಧಾರವಿರತಕ್ಕದ್ದು: ಯಾವ ಹೊತ್ತು, ಎಷ್ಟು ಮನೆ, ತಲೆಗೆ ದಿನಕ್ಕೆ ಎಷ್ಟು ಲೀಟರ್ (ಜಲಜೀವನ್ ಮಿಷನ್‌ನಲ್ಲಿ ಇದು 55), ನೆಲದ ಎತ್ತರವನ್ನು ಅಳೆದ ಬಗೆ ಮತ್ತು ದಿನಾಂಕ.

ಪ್ರವಾಹ ನಕ್ಷೆಗೂ ಇದೇ ಕ್ರಮ

ಇದೇ ನಿಯಮಗಳು ಹೊಳೆದಂಡೆಯ ಪಂಚಾಯಿತಿಗಳಿಗೂ ಅನ್ವಯಿಸುತ್ತವೆ. 2019ರ ಆಗಸ್ಟ್‌ನಲ್ಲಿ ತುಂಗೆಯ ನೀರು ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಜಿಲ್ಲೆ ಮರೆತಿಲ್ಲ. ಭದ್ರಾವತಿ ನಗರವು ಲಕ್ಕವಳ್ಳಿಯ ಭದ್ರಾ ಜಲಾಶಯದ ಕೆಳಗೆ, ಹೊಳೆಯ ಎರಡೂ ದಂಡೆಗಳಲ್ಲಿ ಬೆಳೆದಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಅಣೆಕಟ್ಟುಗಳಿಗೆ ತುರ್ತು ಕಾರ್ಯಯೋಜನೆ ಸಿದ್ಧಪಡಿಸುವ ಹೊಣೆಯನ್ನು ಅವುಗಳ ಒಡೆತನ ಹೊಂದಿರುವವರಿಗೆ ವಹಿಸಿದೆ. ಇಂತಹ ಯೋಜನೆಗಳಲ್ಲಿ ಮುಳುಗಡೆ ನಕ್ಷೆಯೇ ಮುಖ್ಯ ಭಾಗ.

ಮುಳುಗಡೆ ನಕ್ಷೆಯಲ್ಲಿ ನೀರಿನ ಆಳವನ್ನು ಪಾದ ಮುಳುಗುವಷ್ಟು, ಮೊಣಕಾಲಿನವರೆಗೆ, ಸೊಂಟದವರೆಗೆ, ಅದಕ್ಕಿಂತ ಹೆಚ್ಚು ಎಂದು ವಿಂಗಡಿಸಿದರೆ ಓದುವವರಿಗೆ ಮಾಡಬೇಕಾದ್ದು ತಿಳಿಯುತ್ತದೆ. ಮೊಣಕಾಲಿನಾಳದ ಹರಿಯುವ ನೀರಿನಲ್ಲಿ ಮಗುವನ್ನೂ ವೃದ್ಧರನ್ನೂ ನಡೆಸಲಾಗದು. ಆಳದ ಜೊತೆಗೆ, ನೀರು ಬಿಟ್ಟ ಎಷ್ಟು ಗಂಟೆಗಳ ನಂತರ ಅದು ಊರನ್ನು ತಲುಪುತ್ತದೆ ಎಂಬುದನ್ನೂ, ಮುಳುಗದೆ ಉಳಿಯುವ ರಸ್ತೆ ಯಾವುದೆಂಬುದನ್ನೂ ನಕ್ಷೆ ತೋರಿಸತಕ್ಕದ್ದು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 1997ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಡಕೋಟ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್ ನಗರದಲ್ಲಿ ರೆಡ್ ನದಿಯ ಪ್ರವಾಹ 49 ಅಡಿಗೆ ಏರಬಹುದೆಂದು ಹವಾಮಾನ ಇಲಾಖೆ ಮುನ್ಸೂಚನೆ ನೀಡಿತ್ತು. ಅಂತಹ ಮುನ್ಸೂಚನೆಗಳು ಹಲವು ಅಡಿಗಳಷ್ಟು ಹೆಚ್ಚುಕಡಿಮೆ ಆಗಬಲ್ಲವು. ಆದರೆ ಜನರ ಮುಂದೆ ಬಂದದ್ದು 49 ಎಂಬ ಒಂದೇ ಅಂಕಿ. ಅದನ್ನು ನಂಬಿ ತಡೆಗೋಡೆಗಳನ್ನು ಅದಕ್ಕಿಂತ ಸ್ವಲ್ಪವೇ ಎತ್ತರಿಸಲಾಯಿತು. ನದಿ 54 ಅಡಿಯನ್ನು ದಾಟಿತು. ನಗರದ ಬಹುತೇಕ ಜನರು ಮನೆ ತೊರೆಯಬೇಕಾಯಿತು. ಅಂಕಿಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ತಿಳಿಸಿದ್ದರೆ ಗೋಡೆಯ ಎತ್ತರದ ಬಗ್ಗೆ ಬೇರೆ ಚರ್ಚೆಯೇ ನಡೆಯುತ್ತಿತ್ತು.

ಆದ್ದರಿಂದ ಮುಳುಗಡೆಯ ಅಂಚನ್ನು ಒಂದು ತೆಳುವಾದ ಗೆರೆಯಿಂದ ತೋರಿಸಬಾರದು. ಗೆರೆಯ ಈಚೆಗಿರುವ ಮನೆಯವನು ನಿಶ್ಚಿಂತನಾಗಿ ಮಲಗುತ್ತಾನೆ. ನೀರಿಗೆ ಆ ಗೆರೆ ಕಾಣುವುದಿಲ್ಲ. "ಖಚಿತವಾಗಿ ಮುಳುಗುವ ಭಾಗ" ಎಂಬುದರ ಸುತ್ತ "ಮುಳುಗಬಹುದಾದ ಭಾಗ" ಎಂಬ ತಿಳಿಛಾಯೆಯ ಪಟ್ಟಿ ಇರತಕ್ಕದ್ದು.

ಸದಸ್ಯರ ಪಾತ್ರ

ಗಣಕಯಂತ್ರಕ್ಕೆ ಕೊಟ್ಟ ಮಾಹಿತಿ ತಪ್ಪಾಗಿದ್ದರೆ ಅತಿ ಸುಂದರ ಚಿತ್ರವೂ ತಪ್ಪೇ. ಈ ವಿಷಯದಲ್ಲಿ ಸದಸ್ಯರ ಅರಿವು ಎಂಜಿನಿಯರರ ಅರಿವಿಗೆ ಪೂರಕ. ಹೊಸದಾಗಿ ಎದ್ದ ಮನೆಗಳು ಲೆಕ್ಕದಲ್ಲಿ ಸೇರಿವೆಯೇ, ನಕ್ಷೆಯಲ್ಲಿರುವ ಕೊಳವೆ ನೆಲದಲ್ಲಿಯೂ ಅದೇ ವ್ಯಾಸದ್ದೇ, ಕಳೆದ ಮಳೆಗಾಲದಲ್ಲಿ ನೀರು ಯಾವ ಮನೆಯ ಮೆಟ್ಟಿಲಿನವರೆಗೆ ಬಂದಿತ್ತು ಎಂಬುದು ಊರಿನವರಿಗೇ ತಿಳಿದಿರುತ್ತದೆ. ಹಲವೆಡೆ ಕೊಳವೆಯ ಕೊನೆಯಲ್ಲಿರುವುದು ತಡವಾಗಿ ಬೆಳೆದ ಕಾಲೋನಿಗಳು ಮತ್ತು ಆಶ್ರಯ ಮನೆಗಳು. ಅವರ ಮಾತು ಸಭೆಯಲ್ಲಿ ಕೇಳಿಸದಿದ್ದಾಗ ಚಿತ್ರವಾದರೂ ಅವರ ಪರವಾಗಿ ಮಾತನಾಡಬೇಕು.

ಲೆಕ್ಕವನ್ನು ಪರೀಕ್ಷಿಸುವುದೂ ಕಠಿಣವಲ್ಲ. ನಲ್ಲಿಗೆ ಜೋಡಿಸಬಹುದಾದ ಒಂದು ಪ್ರೆಷರ್ ಗೇಜ್‌ನಿಂದ ಬೆಳಗಿನ ಹೊತ್ತಿನಲ್ಲಿ ಮೂರು ನಾಲ್ಕು ಕಡೆ ಒತ್ತಡ ಅಳೆಯಬಹುದು. ಗೇಜ್‌ನಲ್ಲಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ ಸುಮಾರು 10 ಮೀಟರ್ ಒತ್ತಡ, ಮುಳ್ಳು 0.4 ತೋರಿಸಿದರೆ 4 ಮೀಟರ್. ಅಳೆದ ಅಂಕಿಗೂ ಚಿತ್ರದ ಅಂಕಿಗೂ ಬಹಳ ವ್ಯತ್ಯಾಸವಿದ್ದರೆ ಕಾರಣ ಹುಡುಕುವವರೆಗೆ ಅನುಮೋದನೆಯನ್ನು ತಡೆಹಿಡಿಯುವುದು ಉಚಿತ.

ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಮುನ್ನ, ತಮ್ಮ ಪಂಚಾಯಿತಿಯ ಕಡತದಲ್ಲಿರುವ ಯಾವುದಾದರೂ ಒಂದು ವಿನ್ಯಾಸ ನಕ್ಷೆಯನ್ನು ತೆಗೆದುಕೊಂಡು ಸದಸ್ಯರು ಈ ಐದು ಪ್ರಶ್ನೆಗಳನ್ನು ಹಾಕಿ ನೋಡಬಹುದು.

1. ಈ ಚಿತ್ರ ಯಾವ ಹೊತ್ತಿನ, ಯಾವ ಸ್ಥಿತಿಯ ಲೆಕ್ಕ?
2. ಯಾವ ಅಂಕಿಯಲ್ಲಿ ಬಣ್ಣ ಬದಲಾಗುತ್ತದೆ, ಆ ಅಂಕಿಯೇ ಏಕೆ?
3. ತಮ್ಮ ವಾರ್ಡಿನ ಕೊನೆಯ ಮನೆಯನ್ನು ಇದರಲ್ಲಿ ಬೆರಳಿಟ್ಟು ತೋರಿಸಬಹುದೇ?
4. ಜೆರಾಕ್ಸ್ ತೆಗೆದರೆ ಇದೇ ಅರ್ಥ ಉಳಿಯುತ್ತದೆಯೇ?
5. ಲೆಕ್ಕ ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬುದನ್ನು ಬರೆದಿದೆಯೇ?

ಈ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರ ದೊರೆಯದಿದ್ದರೆ, ಅದನ್ನು ತಿದ್ದಿ ತರುವಂತೆ ಸಂಬಂಧಪಟ್ಟ ಎಂಜಿನಿಯರರನ್ನು ಸಭೆಯ ನಡಾವಳಿಯ ಮೂಲಕ ಕೋರಬಹುದು. ತಿದ್ದಿದ ನಕ್ಷೆಯನ್ನು ವಾರ್ಡ್ ಸಭೆಯಲ್ಲಿ ಗೋಡೆಗೆ ತೂಗುಹಾಕಿ, ಕೊನೆಯ ಕೇರಿಯ ಒಬ್ಬ ಮಹಿಳೆಗೆ ಓದಿ ಹೇಳುವಂತೆ ವಿನಂತಿಸತಕ್ಕದ್ದು. ಆಕೆ ತನ್ನ ಮನೆಯನ್ನು ಗುರುತಿಸಿ, ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವುದೋ ಇಲ್ಲವೋ ಎಂದು ಹೇಳಬಲ್ಲಳಾದರೆ ಆ ನಕ್ಷೆಯನ್ನು ಗ್ರಾಮಸಭೆಯ ಮುಂದೆ ಮಂಡಿಸಬಹುದು.