ಅಂತರ್‌ಶಿಸ್ತೀಯ ಸಮಾಜವಿಜ್ಞಾನ ಪದವಿಯ ಪಠ್ಯಕ್ರಮ: ‘ಚೋಮನ ದುಡಿ’ಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕರ್ನಾಟಕದ ವಿಶ್ವವಿದ್ಯಾಲಯಗಳ ಬಿ.ಎ. ಪದವಿಯಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಒಟ್ಟಿಗೆ ಅಭ್ಯಸಿಸುವ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ಎಚ್.ಇ.ಪಿ., ಎಚ್.ಇ.ಎಸ್., ಎಚ್.ಇ.ಕೆ. ಎಂಬ ಸಂಕ್ಷಿಪ್ತ ಹೆಸರುಗಳಿಂದಲೇ ವಿದ್ಯಾರ್ಥಿಗಳು ತಮ್ಮ ತರಗತಿಯನ್ನು ಗುರುತಿಸಿಕೊಳ್ಳುವಷ್ಟು ಅದು ಸಹಜವಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021-22ರಲ್ಲಿ ಎರಡು ವಿಷಯಗಳಿಗೆ ಒತ್ತು ನೀಡುವ ನಾಲ್ಕು ವರ್ಷದ ಆನರ್ಸ್ ಮಾದರಿ ಜಾರಿಗೆ ಬಂದಿತು. 2024-25ರಿಂದ ಮೂರು ವರ್ಷದ, ಮೂರು ಪ್ರಧಾನ ವಿಷಯಗಳ ಪದವಿ ಮರಳಿತು. ಈ ಎರಡೂ ಬದಲಾವಣೆಗಳ ಸಂದರ್ಭದಲ್ಲಿ ಅಧ್ಯಾಪಕರ ನಡುವೆ ಹೆಚ್ಚಾಗಿ ಚರ್ಚೆಗೆ ಬಂದದ್ದು ವಿಷಯಗಳ ಸಂಖ್ಯೆ, ಕ್ರೆಡಿಟ್ ಮತ್ತು ಕಾರ್ಯಭಾರ. ಒಟ್ಟಿಗೆ ಕಲಿಯುವ ವಿಷಯಗಳು ಒಂದನ್ನೊಂದು ಮುಟ್ಟುತ್ತವೆಯೇ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಒಂದು ಕನ್ನಡ ಕಾದಂಬರಿಯ ಮೂಲಕ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

1. ಬಹುಶಿಸ್ತೀಯತೆ ಮತ್ತು ಅಂತರ್‌ಶಿಸ್ತೀಯತೆ

ಹಲವು ವಿಷಯಗಳನ್ನು ಒಂದೇ ವೇಳಾಪಟ್ಟಿಯಲ್ಲಿ ಇರಿಸುವುದು ಬಹುಶಿಸ್ತೀಯ ವ್ಯವಸ್ಥೆ. ಒಂದೇ ಪ್ರಶ್ನೆಗೆ ಹಲವು ಜ್ಞಾನಶಿಸ್ತುಗಳು ಉತ್ತರ ಹುಡುಕುವಾಗ, ಪ್ರತಿಯೊಂದೂ ತನ್ನ ಮಿತಿಯನ್ನು ಇನ್ನೊಂದರ ಎದುರಿನಲ್ಲಿ ಕಂಡುಕೊಳ್ಳುವುದು ಅಂತರ್‌ಶಿಸ್ತೀಯ ಅಧ್ಯಯನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1920ರಲ್ಲಿ ಆರಂಭವಾದ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಸಂಯುಕ್ತ ಪದವಿ ಸಮಾಜವಿಜ್ಞಾನಗಳನ್ನು ಒಟ್ಟುಗೂಡಿಸಿದ ಪ್ರಸಿದ್ಧ ಮಾದರಿ. ಗ್ರೀಕ್ ಮತ್ತು ಲ್ಯಾಟಿನ್ ಮೂಲಪಠ್ಯಗಳನ್ನು ಆಧರಿಸಿದ್ದ ಹಳೆಯ ಅಭಿಜಾತ ಅಧ್ಯಯನಕ್ಕೆ ಪರ್ಯಾಯವಾಗಿ ಅದು ರೂಪುಗೊಂಡಿತು. ಅಲ್ಲಿ ಆಧುನಿಕ ಜಗತ್ತು ಅಧ್ಯಯನದ ವಸ್ತುವಾಯಿತಾದರೂ ಆ ಜಗತ್ತಿನ ಸಾಹಿತ್ಯ ಪದವಿಯ ಹೆಸರಿನಲ್ಲಿ ಸ್ಥಾನ ಪಡೆಯಲಿಲ್ಲ. ಎಚ್.ಇ.ಕೆ. ಈ ದೃಷ್ಟಿಯಿಂದ ಹೆಚ್ಚು ಉದಾರವಾದ ಸಂಯೋಜನೆ: ಇತಿಹಾಸ ಮತ್ತು ಅರ್ಥಶಾಸ್ತ್ರಗಳ ಪಕ್ಕದಲ್ಲಿ ಸಾಹಿತ್ಯ ಕುಳಿತಿದೆ. ಆದರೆ ಮೂರು ತರಗತಿಗಳ ನಡುವಿನ ಗೋಡೆ ಹಾಗೆಯೇ ಉಳಿದಿರುವುದರಿಂದ ಈ ಉದಾರತೆ ವೇಳಾಪಟ್ಟಿಯನ್ನು ದಾಟಿ ಮುಂದೆ ಹೋಗುವುದು ವಿರಳ.

ಕನ್ನಡ ಸಂಶೋಧನೆಗೆ ಈ ಗೋಡೆಯನ್ನು ದಾಟಿದ ಪರಂಪರೆಯೇ ಇದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಶಾಸನಗಳನ್ನು ಭಾಷೆ ಮತ್ತು ರಾಜವಂಶಗಳ ಆಕರವೆಂದಷ್ಟೇ ನೋಡದೆ ಧರ್ಮ, ಶಿಕ್ಷಣ, ಬಲಿದಾನ ಮೊದಲಾದ ಸಾಮಾಜಿಕ ಆಚರಣೆಗಳ ದಾಖಲೆಯಾಗಿ ಓದಿತು. ಶಂ.ಬಾ. ಜೋಶಿಯವರು ಸ್ಥಳನಾಮ, ಪುರಾಣ ಮತ್ತು ಜನಾಂಗಗಳ ಅಧ್ಯಯನವನ್ನು ಒಂದುಗೂಡಿಸಿದರು. ಸಂಶೋಧನೆಯಲ್ಲಿ ಸಾಧ್ಯವಾದದ್ದು ಪದವಿ ತರಗತಿಯಲ್ಲಿ ಹೇಗೆ ಸಾಧ್ಯವಾದೀತು ಎಂಬುದೇ ಇಲ್ಲಿನ ಸಮಸ್ಯೆ.

2. ಚೋಮನಿಗೆ ಭೂಮಿ ಸಿಗುತ್ತಿತ್ತೇ?

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕನ್ನಡ ತರಗತಿಗಳಲ್ಲಿ ಮತ್ತೆ ಮತ್ತೆ ಪಾಠವಾದ ಕೃತಿ. ಧಣಿಯ ಮನೆಗೆ ಕಟ್ಟುಬಿದ್ದ ಅಸ್ಪೃಶ್ಯ ಆಳಾದ ಚೋಮನಿಗೆ ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೇ ಬೇಸಾಯ ಮಾಡಬೇಕೆಂಬ ಬಯಕೆ. ಅವನಲ್ಲಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ; ಭೂಮಿ ಮಾತ್ರ ಇಲ್ಲ. ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಮತಾಂತರವಾದರೆ ಭೂಮಿ ದೊರೆಯಬಹುದೆಂಬ ಆಸೆಯಿಂದ ಹೊರಟ ಚೋಮ ದಾರಿಯಿಂದ ಹಿಂದಿರುಗುತ್ತಾನೆ. ಕೊನೆಗೆ ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಕಾದಂಬರಿ ಪ್ರಕಟವಾದ ನಾಲ್ಕು ದಶಕಗಳ ನಂತರ, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ವ್ಯಾಪಕ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ದೇವರಾಜ ಅರಸು ಅವರ ಸರ್ಕಾರದ ಈ ಕ್ರಮವನ್ನು ‘ಉಳುವವನೇ ಭೂಮಿಯ ಒಡೆಯ’ ಎಂಬ ಘೋಷಣೆಯೊಂದಿಗೆ ಇಂದಿಗೂ ನೆನೆಯಲಾಗುತ್ತದೆ. ಬಿ.ವಿ. ಕಾರಂತರ ನಿರ್ದೇಶನದ ‘ಚೋಮನ ದುಡಿ’ ಚಲನಚಿತ್ರ ಬಂದದ್ದು 1975ರಲ್ಲಿ. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಸುಗ್ರೀವಾಜ್ಞೆ ಹೊರಬಿದ್ದದ್ದೂ ಅದೇ ವರ್ಷ. ಈ ಹಿನ್ನೆಲೆಯಲ್ಲಿ ತರಗತಿಯಲ್ಲಿ ಎತ್ತಬೇಕಾದ ಪ್ರಶ್ನೆ ಇದು: ಚೋಮ 1974ರವರೆಗೆ ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ?

ಕನ್ನಡದ ವಿದ್ಯಾರ್ಥಿ ಸಾಮಾನ್ಯವಾಗಿ ‘ಹೌದು’ ಎನ್ನುತ್ತಾನೆ. ಕಾಯ್ದೆಯನ್ನು ಓದಿದಾಗ ಉತ್ತರ ಬದಲಾಗುತ್ತದೆ. ಕಾಯ್ದೆ ಮುಖ್ಯವಾಗಿ ಒಕ್ಕಲುತನದ ಹಕ್ಕು ನೀಡಿದ್ದು ಗೇಣಿದಾರನಿಗೆ. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ತಾನು ಗೇಣಿದಾರನೆಂದು ಭೂನ್ಯಾಯ ಮಂಡಳಿಯ ಮುಂದೆ ಸಾಬೀತುಪಡಿಸಬೇಕಿತ್ತು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿಗಳೆಂಬ ಹಿಡುವಳಿ ಕ್ರಮಗಳಿದ್ದವು. ಚಾಲಗೇಣಿಯ ಒಕ್ಕಲು ಎಷ್ಟೇ ಅಭದ್ರನಾದರೂ ಗೇಣಿದಾರನೇ. ಚೋಮ ಆ ಸಾಲಿಗೂ ಸೇರದವನು. ಗೇಣಿದಾರನಾಗುವುದೇ ಅವನ ಜೀವಮಾನದ ಬಯಕೆಯಾಗಿತ್ತು. ಅದನ್ನು ಜಾತಿ ತಡೆಯಿತು. ಹಾಗಾಗಿ ಜಾತಿ ಅವನನ್ನು ಮೊದಲು ಗೇಣಿಯಿಂದ ಹೊರಗಿಟ್ಟರೆ, ಗೇಣಿಯನ್ನೇ ಅರ್ಹತೆಯಾಗಿ ಮಾಡಿಕೊಂಡ ಕಾನೂನು ಅವನನ್ನು ಎರಡನೆಯ ಬಾರಿ ಹೊರಗಿಡುತ್ತದೆ. ಮಿತಿಗಿಂತ ಹೆಚ್ಚಿನ ಭೂಮಿಯ ಹಂಚಿಕೆಯಲ್ಲಿ ಭೂರಹಿತರಿಗೆ ಅವಕಾಶವಿತ್ತೆಂಬುದು ನಿಜ. ಆದರೆ ಅದು ಸರ್ಕಾರದಿಂದ ಪಡೆಯುವ ಮಂಜೂರಾತಿ. ತಲೆಮಾರುಗಳಿಂದ ಬೆವರು ಸುರಿಸಿದ ಅದೇ ಗದ್ದೆಯ ಮೇಲಿನ ಹಕ್ಕಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತಕ್ಕೆ ಕಾರಣವಾದ ಸಾಲವನ್ನು ಅಳಿಸಿತಾದರೂ ಸಾಲದಿಂದ ಬಿಡುಗಡೆಗೊಂಡವನಿಗೆ ಉಳಲು ಭೂಮಿ ಕೊಡುವುದು ಅದರ ವ್ಯಾಪ್ತಿಯಲ್ಲಿರಲಿಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿತು. ಆದರೆ ಗೇಣಿಗೆ ಭೂಮಿ ಕೊಡಲೇಬೇಕೆಂದು ಅದು ಯಾವ ಒಡೆಯನನ್ನೂ ಬಾಧ್ಯನನ್ನಾಗಿಸಲಿಲ್ಲ.

ರಾಜ್ಯಶಾಸ್ತ್ರದ ತರಗತಿಯಲ್ಲಿ ಭೂಸುಧಾರಣೆ ಒಂದು ಸಾಧನೆಯಾಗಿ, ಅರ್ಥಶಾಸ್ತ್ರದಲ್ಲಿ ಹಿಡುವಳಿಯ ಸಮಸ್ಯೆಯಾಗಿ, ಸಮಾಜಶಾಸ್ತ್ರದಲ್ಲಿ ಜಾತಿಯ ಅಧ್ಯಾಯವಾಗಿ ಬರುತ್ತದೆ. ಉಳುವವನಿಗೂ ಗೇಣಿದಾರನಿಗೂ ನಡುವಿನ ಅಂತರ ಈ ಬಿಡಿ ಅಧ್ಯಾಯಗಳಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಚೋಮ ನಿಂತಿರುವುದು ಅದೇ ಅಂತರದಲ್ಲಿ.

3. ಸಾಹಿತ್ಯ ಉದಾಹರಣೆಯಾಗಬಾರದು

ಇಂತಹ ಓದಿನಲ್ಲಿ ಒಂದು ಅಪಾಯವಿದೆ. ಸಮಾಜವಿಜ್ಞಾನಗಳು ತಮ್ಮ ಸಿದ್ಧ ತೀರ್ಮಾನಗಳಿಗೆ ಕಾದಂಬರಿಯನ್ನು ದೃಷ್ಟಾಂತವಾಗಿ ಬಳಸಿಕೊಂಡರೆ ಕನ್ನಡ ವಿಭಾಗ ಕತೆ ಪೂರೈಸುವ ವಿಭಾಗವಾಗುತ್ತದೆ. ಕಾದಂಬರಿ ನ್ಯಾಯಾಲಯದ ಸಾಕ್ಷ್ಯವಲ್ಲ. ಚೋಮನನ್ನು ಸೃಷ್ಟಿಸಿದವರು ಅವನ ಸಮುದಾಯದ ಹೊರಗಿನ ಲೇಖಕರು ಎಂಬ ದಲಿತ ಚಿಂತನೆಯ ನೆಲೆಯ ಪ್ರಶ್ನೆಯನ್ನೂ ಬದಿಗಿಡುವಂತಿಲ್ಲ. ಆದರೆ ಕಾದಂಬರಿ ಮಾತ್ರ ಕೊಡಬಲ್ಲದ್ದೊಂದಿದೆ. ಲಾಭನಷ್ಟದ ಲೆಕ್ಕದಲ್ಲಿ ಮತಾಂತರ ಚೋಮನಿಗೆ ಅನುಕೂಲಕರವೇ. ಆದರೂ ಅವನು ಹಿಂದಿರುಗುತ್ತಾನೆ. ಈ ಹಿಂದಿರುಗುವಿಕೆಯನ್ನು ನಂಬಿಕೆ, ಭಯ, ಅಭಿಮಾನಗಳಲ್ಲಿ ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಪಠ್ಯದ ನಿಕಟ ಓದಿನಿಂದಲೇ ನಿರ್ಧರಿಸಬೇಕು. ಆ ಕೌಶಲ ಕನ್ನಡ ಅಧ್ಯಾಪಕರದ್ದು. ಅಂತರ್‌ಶಿಸ್ತೀಯ ಪದವಿಯಲ್ಲಿ ಕನ್ನಡದ ಪಾಲು ಈ ಓದಿನ ಕ್ರಮವೇ ಹೊರತು ಕಥಾಸಾರವಲ್ಲ.

4. ಪಠ್ಯಕ್ರಮದ ಸಾಧ್ಯತೆ

‘ಭೂಮಿ, ದುಡಿಮೆ ಮತ್ತು ಜಾತಿ’ ಎಂಬ ಒಂದು ಸೆಮಿಸ್ಟರಿನ ಪತ್ರಿಕೆಯನ್ನು ಈ ನೆಲೆಯಲ್ಲಿ ರೂಪಿಸಬಹುದು. ಮೊದಲ ಹಂತದಲ್ಲಿ ಕಾದಂಬರಿಯ ಸಮಗ್ರ ಓದು, ಎರಡನೆಯದರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಹಿಡುವಳಿಯ ಇತಿಹಾಸ ಮತ್ತು ಕಾಯ್ದೆಯ ಪಠ್ಯ, ಮೂರನೆಯದರಲ್ಲಿ ಕ್ಷೇತ್ರಕಾರ್ಯ. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ನಮೂನೆ 7 ಸಲ್ಲಿಸಿದವರು ಯಾರು, ಸಲ್ಲಿಸಲಾಗದೆ ಉಳಿದವರು ಯಾರು ಎಂಬುದನ್ನು ಹಿರಿಯರ ಮೌಖಿಕ ನಿರೂಪಣೆ ಹಾಗೂ ಪಹಣಿಗಳಿಂದ ಸಂಗ್ರಹಿಸಬಹುದು. 2020ರ ತಿದ್ದುಪಡಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದುಹಾಕಿರುವುದರಿಂದ, ಭೂಮಿ ಯಾರಿಗೆ ಸೇರಬೇಕೆಂಬ ಪ್ರಶ್ನೆ ಅವರ ಕಾಲದ್ದೂ ಆಗಿದೆ.

ತೊಡಕುಗಳು ಸ್ಪಷ್ಟ. ಪತ್ರಿಕೆಯ ಕಾರ್ಯಭಾರ ಯಾವ ವಿಭಾಗಕ್ಕೆ ಸೇರಬೇಕು, ಉತ್ತರ ಪತ್ರಿಕೆಯನ್ನು ಯಾರು ಮೌಲ್ಯಮಾಪನ ಮಾಡಬೇಕು ಎಂಬ ಪ್ರಶ್ನೆಗಳಿಗೆ ಈಗಿನ ವಿಭಾಗವಾರು ನಿಯಮಗಳಲ್ಲಿ ಸುಲಭ ಉತ್ತರವಿಲ್ಲ. ಇಬ್ಬರು ಅಧ್ಯಾಪಕರು ಸೇರಿ ಬೋಧಿಸುವುದಕ್ಕೂ, ಬಿಡಿ ಪ್ರಶ್ನೆಗಳ ಬದಲು ಒಂದು ಪ್ರಬಂಧ ಮತ್ತು ಕ್ಷೇತ್ರ ವರದಿಯಿಂದ ಮೌಲ್ಯಮಾಪನ ನಡೆಸುವುದಕ್ಕೂ ಅಧ್ಯಯನ ಮಂಡಳಿಗಳು ಜಂಟಿಯಾಗಿ ಅವಕಾಶ ಕಲ್ಪಿಸಬೇಕಾಗುತ್ತದೆ.

ಸಮಾರೋಪ

ಒಟ್ಟಾರೆಯಾಗಿ, ವಿಷಯಗಳು ಎರಡೋ ಮೂರೋ ಎಂಬುದಕ್ಕಿಂತ ಅವುಗಳನ್ನು ಬೆಸೆಯುವ ಪ್ರಶ್ನೆ ಇದೆಯೇ ಎಂಬುದು ಮುಖ್ಯ. ಗ್ರಾಮೀಣ ಭಾಗದ ಪದವಿ ತರಗತಿಯ ಒಂದೇ ಬೆಂಚಿನಲ್ಲಿ ನಮೂನೆ 7ರಿಂದ ಭೂಮಿ ಪಡೆದ ಕುಟುಂಬದ ಮಗಳೂ ಅದನ್ನು ಪಡೆಯಲಾಗದ ಕುಟುಂಬದ ಮಗನೂ ಕುಳಿತಿರಬಹುದು. ಅವರಿಬ್ಬರ ಮನೆಯ ಚರಿತ್ರೆಯನ್ನು ಒಟ್ಟಿಗೆ ಅರ್ಥಮಾಡಿಸಬಲ್ಲ ಪಠ್ಯಕ್ರಮವನ್ನು ಅಂತರ್‌ಶಿಸ್ತೀಯವೆಂದು ಕರೆಯಬಹುದು. ಅಂತಹ ಪಠ್ಯಕ್ರಮದ ರಚನೆಯಲ್ಲಿ ಕನ್ನಡ ವಿಭಾಗಗಳು ಮುಂದಾಗುವುದಕ್ಕೆ ಬೇಕಾದ ಪಠ್ಯವೂ ಸಂಶೋಧನಾ ಪರಂಪರೆಯೂ ಅವುಗಳ ಬಳಿಯಲ್ಲೇ ಇವೆ.