ಉಪ್ಪುನೀರಿನ ತೋಟದ ಲೆಕ್ಕ

ತಮಿಳುನಾಡಿನ 2022ರ ಕರೆಂಟ್ ಬಿಲ್ಲಿನಲ್ಲಿ 501ನೇ ಯೂನಿಟ್ಟಿನ ಬೆಲೆ 233 ರೂಪಾಯಿ ಇತ್ತು. ಅಚ್ಚಿನ ದೋಷವಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಇಲ್ಲಿ ಮನೆಗಳಿಗೆ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಬಿಟ್ಟಿ. 2022ರ ಸೆಪ್ಟೆಂಬರಿನ ದರಪಟ್ಟಿಯಂತೆ ಬಳಕೆ 500ರೊಳಗಿದ್ದರೆ ಎರಡನೇ ನೂರಕ್ಕೆ ಯೂನಿಟ್ಟಿಗೆ ಎರಡೂಕಾಲು ರೂಪಾಯಿ ಇತ್ತು. 500 ದಾಟಿತೋ, ಆ ನೂರೂ ನಾಲ್ಕೂವರೆಯ ಮೆಟ್ಟಿಲಿಗೆ ಏರಿ ಕೂರುತ್ತಿತ್ತು. 500 ಯೂನಿಟ್ಟಿಗೆ 1,725 ರೂಪಾಯಿ, 501ಕ್ಕೆ 1,958. ಆಮೇಲೆ ದರ ಒಂದಿಷ್ಟು ಏರಿದೆ, ಮೆಟ್ಟಿಲು ಮಾತ್ರ ಇದ್ದಲ್ಲೇ ಇದೆ.

ಹಾಗಾಗಿ ಚೆನ್ನೈಯ ಕೀಲ್ಪಾಕಿನ ನಮ್ಮ ಬಾಡಿಗೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡೋಣ ಎಂದು ಮಗಳು ಹಟ ಹಿಡಿದಾಗ ನಾನು ಮೊದಲು ಹುಡುಕಿದ್ದು ಹಳೆಯ ಬಿಲ್ಲುಗಳನ್ನು. ತೊಟ್ಟಿಯ ಬೆಲೆ ಅಂಗಡಿಯವನು ಹೇಳುತ್ತಾನೆ. ಅದನ್ನು ಸಾಕುವ ಬೆಲೆ ನಾವೇ ಲೆಕ್ಕ ಹಾಕಬೇಕು. ಎರಡಡಿ ಉದ್ದದ, ಸುಮಾರು 85 ಲೀಟರ್ ನೀರು ಹಿಡಿಯುವ ತೊಟ್ಟಿ ಎಂದಿಟ್ಟುಕೊಳ್ಳಿ. 50 ವಾಟ್‌ನ ಎಲ್‌ಇಡಿ ದೀಪ ಹತ್ತು ಗಂಟೆ, 20 ವಾಟ್‌ನ ಪಂಪ್ ಹಗಲೂರಾತ್ರಿ, ಅಲೆ ಎಬ್ಬಿಸುವ ಪುಟ್ಟ ಮೋಟಾರು, ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನು. ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಯೂನಿಟ್, ಎರಡು ತಿಂಗಳಿಗೆ 75. ಡಿಸೆಂಬರ್-ಜನವರಿಯಲ್ಲಿ ನಮ್ಮ ಮನೆಯ ಬಳಕೆ 300ರ ಹತ್ತಿರ, ಆಗ 2022ರ ದರದಲ್ಲಿ ಈ 75 ಯೂನಿಟ್ಟಿಗೆ 338 ರೂಪಾಯಿ. ಬೇಸಿಗೆಯಲ್ಲಿ ಎ.ಸಿ. ಓಡಿ ಬಳಕೆ 450ಕ್ಕೆ ಬಂದಿರುತ್ತದೆ; ಅದರ ಮೇಲೆ ಅದೇ 75 ಕೂತರೆ 725 ರೂಪಾಯಿ. ತೊಟ್ಟಿ ಅದೇ, ಮೀನೂ ಅದೇ. ಒಟ್ಟು ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ‘ಯೂನಿಟ್ಟಿಗೆ ನಾಲ್ಕು ರೂಪಾಯಿ, ಏನು ಮಹಾ’ ಎನ್ನುವವರಿದ್ದಾರೆ. ಹೊಸದಾಗಿ ಮನೆಗೆ ಬಂದ ಖರ್ಚು ಯಾವಾಗಲೂ ಮೇಲಿನ ಮೆಟ್ಟಿಲಿನಲ್ಲೇ ಕೂರುತ್ತದೆ. ಅದಕ್ಕೆ ಸರಾಸರಿಯ ರಿಯಾಯಿತಿ ಇಲ್ಲ.

ಅಲಂಕಾರದ ಮೀನಿನ ಪೇಟೆ ಎಂದರೆ ಚೆನ್ನೈಗೆ ಕೊಳತ್ತೂರು. ಕೀಲ್ಪಾಕಿನಿಂದ ಕೆಲವೇ ಕಿಲೋಮೀಟರು. ದೇಶದ ನಾನಾ ಊರುಗಳಿಗೆ ಮೀನು ಹೋಗುವುದು ಅಲ್ಲಿಂದಲೇ. ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಚೀಲಗಳಲ್ಲಿ ಉಸಿರಾಡುವ ಬಣ್ಣ. ಉಪ್ಪುನೀರು ಎಂದ ತಕ್ಷಣ ಒಂದು ಅಂಗಡಿಯಲ್ಲಿ ಎಪ್ಪತ್ತು ಸಾವಿರದ ಪಟ್ಟಿ ಕೈಗಿತ್ತರು: ನೀರು ತಂಪಾಗಿಸುವ ಚಿಲ್ಲರ್, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹವಳಕ್ಕೆಂದೇ ನೀಲಿ ದೀಪ, ಸಮುದ್ರದಿಂದ ತಂದ ‘ಲೈವ್ ರಾಕ್’. ಈಶಾನ್ಯ ಮೂಲೆಯಲ್ಲಿಟ್ಟರೆ ದುಡ್ಡು ತಾನಾಗಿ ಬರುತ್ತದೆ ಎಂಬ ವಾಸ್ತು ಸಲಹೆ ಮಾತ್ರ ಪುಕ್ಕಟೆ.

ಆ ಪಟ್ಟಿಯಲ್ಲಿ ದುಡ್ಡಿಗಿಂತ ದೊಡ್ಡ ತೊಡಕೊಂದಿತ್ತು. ಗಟ್ಟಿ ಹವಳಗಳೂ ಕಡಲಕುದುರೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿ-ಆನೆಯ ಸಾಲಿನಲ್ಲಿ. ಲೈವ್ ರಾಕ್ ಎಂದು ಮಾರುವುದು ಬಹುತೇಕ ಹವಳದ ಅಸ್ಥಿಪಂಜರವೇ. ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ 1986ರಲ್ಲೇ ರಾಷ್ಟ್ರೀಯ ಉದ್ಯಾನ ಆಗಿದೆ. ನಮ್ಮ ಕಡೆಯವರು ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಮುಳುಗು ಹಾಕಿ ಬರುವಾಗ ಒಂದು ತುಂಡು ಜೇಬಿಗೆ ಹಾಕಿಕೊಂಡರೂ ಅದೇ ಕಾನೂನು. ಅನುಸೂಚಿ ಒಂದರ ಅಪರಾಧಕ್ಕೆ ಮೂರರಿಂದ ಏಳು ವರ್ಷದ ಸೆರೆ. ಹಾಲ್‌ನ ಅಂದಕ್ಕೆ ಅಷ್ಟು ಬಡ್ಡಿ ಕಟ್ಟುವ ಸಾಲ ಯಾರಿಗೂ ಬೇಡ.

ಹಾಗೆ ಹವಳ ಬಿಟ್ಟು ಕಡಲಪಾಚಿಗೆ ಬಂದೆವು. ಸಿಹಿನೀರಿನ ತೊಟ್ಟಿಯಲ್ಲಿ ಗಿಡ ನೆಟ್ಟು ತೋಟ ಮಾಡುವವರು ಬೇಕಾದಷ್ಟು ಮಂದಿ. ಉಪ್ಪುನೀರಿನಲ್ಲೂ ಅದು ಆಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮರಳ ಮೇಲೆ ಬಳ್ಳಿಯಂತೆ ಹರಿದು ಒಂದೊಂದೇ ಎಲೆ ನಿಲ್ಲಿಸುವ ಕೌಲರ್ಪಾ, ಹಸಿರು ಮೀನುಗಾಳದ ದಾರ ಗೋಜಲಾದಂತಿರುವ ಕೀಟೊಮಾರ್ಫಾ, ನಾಣ್ಯ ಪೋಣಿಸಿದಂಥ ಹ್ಯಾಲಿಮೀಡಾ, ಕೆಂಪು-ಕಂದು ಗ್ರಾಸಿಲೇರಿಯಾ. ಈ ಕೊನೆಯದು ನಿಮಗೆ ಅಪರಿಚಿತವೇನಲ್ಲ. ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಇದರಂಥ ಪಾಚಿಗಳದೇ ಸತ್ವ. ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ನೀರಿಗಿಳಿದು ಕೀಳುವ ‘ಕಂಜಿ ಪಾಸಿ’ ಇದರ ಒಂದು ಜಾತಿ.

ಹಣಕಾಸಿನ ಕಣ್ಣಿನಲ್ಲಿ ಪಾಚಿಯ ಗುಣ ಬೇರೆಯೇ. ಮೀನಿನ ಹೇಲಿನಿಂದ ಅಮೋನಿಯ, ಅದರಿಂದ ನೈಟ್ರೈಟ್, ಅದರಿಂದ ನೈಟ್ರೇಟ್. ಮೊದಲೆರಡನ್ನು ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ. ಉಳಿದ ನೈಟ್ರೇಟ್, ಫಾಸ್ಫೇಟ್ ಪಾಚಿಗೆ ಗೊಬ್ಬರ. ಹವಳದವರು ಹತ್ತು-ಹದಿನೈದು ಸಾವಿರ ಕೊಟ್ಟು ಸ್ಕಿಮ್ಮರ್ ಕೊಳ್ಳುವುದು ಯಾವುದನ್ನು ಕಡಿಮೆ ಇಡಲಿಕ್ಕೋ, ಅದನ್ನು ಪಾಚಿ ಉಂಡು ಬೆಳೆಯುತ್ತದೆ. ಹಳದಿ ಬೆರೆತ ಸಾಧಾರಣ ಬಿಳಿ ದೀಪ ಅದಕ್ಕೆ ಸಾಕು. ಪಟ್ಟಿಯಿಂದ ಎರಡು ದೊಡ್ಡ ಸಾಲು ಹೊಡೆದುಹಾಕಿದೆ.

ಕಡಲಹುಲ್ಲು ಬೇಕೆಂದಳು ಮಗಳು. ಅದು ಪಾಚಿಯಲ್ಲ, ಬೇರಿರುವ, ಹೂ ಬಿಡುವ ನಿಜವಾದ ಗಿಡ. ಆಳದ ಮರಳು ಬೇಕು. ಕಿತ್ತು ತಂದ ಗೆಡ್ಡೆ ಬಹಳ ಸಲ ಕೊಳೆಯುತ್ತದೆ. ಅದೂ ಅಲ್ಲದೆ ಪಾಕ್ ಕೊಲ್ಲಿಯ ಹುಲ್ಲು ಕಡಲಹಸುವಿನ (ಡುಗಾಂಗ್) ಮೇವು. 2022ರಲ್ಲಿ ಅಲ್ಲಿ 448 ಚದರ ಕಿಲೋಮೀಟರಿನಲ್ಲಿ ದೇಶದ ಮೊದಲ ಡುಗಾಂಗ್ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ಹೆಂಡತಿ ಕುಂದಾಪುರದವಳು, ಹೊಳೆಬಾಗಿಲಿನ ಕಾಂಡ್ಲ (ಮ್ಯಾಂಗ್ರೋವ್) ಗಿಡದ ಕೋಡೊಂದು ತರಲೇ ಎಂದಳು. ಕಾಂಡ್ಲ ಉಪ್ಪುನೀರಿನಲ್ಲಿ ಬದುಕುತ್ತದೆ, ನಿಜ. ಆದರೆ ಅದು ಬೆಳೆಯುವುದು ಎಷ್ಟು ನಿಧಾನವೆಂದರೆ ನೀರು ಶುದ್ಧ ಮಾಡುವ ಕೆಲಸಕ್ಕೆ ಅದನ್ನು ನಂಬಿದರೆ ಮನೆ ಬದಲಾಯಿಸುವ ಹೊತ್ತಾಗುತ್ತದೆ. ಎರಡೂ ಬೇಡವೆಂದಾಯಿತು.

ಕೊಂಡದ್ದು ಹೀಗೆ: ತೊಟ್ಟಿ ಮತ್ತು ಸ್ಟ್ಯಾಂಡ್ ಸೆಕೆಂಡ್ ಹ್ಯಾಂಡ್, ನಾಲ್ಕು ಸಾವಿರ. ಪರೀಕ್ಷೆಗಳು ಮುಗಿದು ವರ್ಗಾವಣೆಯ ಕುಟುಂಬಗಳು ಊರು ಬಿಡುವ ಏಪ್ರಿಲ್-ಮೇ ತೊಟ್ಟಿ ಕೊಳ್ಳಲು ಒಳ್ಳೆಯ ಕಾಲ. ಗಾಜಿನ ತೊಟ್ಟಿಯನ್ನು ಲಾರಿಗೆ ಹೇರುವುದಕ್ಕಿಂತ ಕೊಟ್ಟುಬಿಡುವುದೇ ಅವರಿಗೂ ಸುಲಭ. ದೀಪ ಐದೂವರೆ ಸಾವಿರ. ಹವಳದ ಕಲ್ಲಿನ ಬದಲು ಸಿರಾಮಿಕ್ ಕಲ್ಲು, ಅರಗೊನೈಟ್ ಮರಳು, ಪಂಪುಗಳು, ಪರೀಕ್ಷೆಯ ಕಿಟ್ಟು, ಉಪ್ಪು. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪಿಗೆ ಒಂಬೈನೂರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ನಗರವನ್ನು ಕತ್ತಲಲ್ಲಿ ಕೂರಿಸಿದ್ದನ್ನು ಕಂಡವರು ಇದರಲ್ಲಿ ಚೌಕಾಸಿ ಮಾಡುವುದಿಲ್ಲ. ಒಟ್ಟು ಇಪ್ಪತ್ತೈದು ಸಾವಿರದ ಆಸುಪಾಸು.

ನಾನು ಕಡಿಮೆ ಮಾಡದೆ ಕೊಂಡ ವಸ್ತು ಎಂದರೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೊಮೀಟರ್, ಸಾವಿರದ ಎಂಟುನೂರು. ಗೇಣುದ್ದದ ಕೊಳವೆ. ಓರೆ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು ಮುಚ್ಚಳ ಒತ್ತಿ ಬೆಳಕಿಗೆ ಹಿಡಿದರೆ ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ. ಎರಡೂ ಸೇರುವ ಗೆರೆ 35ರ ಮೇಲೆ ನಿಂತಿರಬೇಕು, ಅಂದರೆ ಸಾವಿರಕ್ಕೆ 35 ಪಾಲು ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಗೆರೆ ಮೆಲ್ಲಗೆ 36, 37ಕ್ಕೆ ಏರುತ್ತದೆ. ಆಗ ಸುರಿಯಬೇಕಾದ್ದು ಉಪ್ಪುನೀರಲ್ಲ, ಸಿಹಿನೀರು. ಸಣ್ಣ ತೊಟ್ಟಿ ಅಗ್ಗವೆಂದು ಇಪ್ಪತ್ತು ಲೀಟರಿನದು ಕೊಳ್ಳುವವರಿಗೆ ಈ ಗೆರೆ ಒಂದೇ ದಿನದಲ್ಲಿ ಜಿಗಿಯುತ್ತದೆ, ಮೀನು ಸಾಯುತ್ತದೆ, ಮತ್ತೆ ಕೊಳ್ಳುತ್ತಾರೆ. ಅಗ್ಗದ ತೊಟ್ಟಿ ದುಬಾರಿಯಾಗುವ ದಾರಿ ಇದು.

ನೀರಿನ ವಿಷಯಕ್ಕೆ ಬಂದರೆ ಚೆನ್ನೈಯವರಾದ ನಮಗೆ ನಗು ಬರುತ್ತದೆ. ಮೀಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ಕಡಲ ನೀರಿನ ಉಪ್ಪು ತೆಗೆದು ನಗರಕ್ಕೆ ಕುಡಿಯಲು ಕೊಡತೊಡಗಿದರು. ನಾನು ಮನೆಯ ನೀರನ್ನು ಇನ್ನೊಮ್ಮೆ ಆರ್‌ಒ ಮಾಡಿ, ಕಿಲೋಗೆ ಮುನ್ನೂರು ಕೊಟ್ಟು ತಂದ ಆಮದು ಉಪ್ಪನ್ನು ಲೀಟರಿಗೆ 36 ಗ್ರಾಂನಂತೆ ವಾಪಸ್ ಸೇರಿಸುತ್ತೇನೆ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಾರ್ಬೊನೇಟ್ ಎಲ್ಲ ಬೇಕು. ‘ಮರೀನಾ ಇರುವಾಗ ಕಡಲ ನೀರಿಗೆ ದುಡ್ಡೇ?’ ಎಂದು ಕೇಳದ ನೆಂಟರಿಲ್ಲ. ಕೂವಂ ಒಂದು ಕಡೆ, ಅಡ್ಯಾರ್ ಇನ್ನೊಂದು ಕಡೆ ಬಂದು ಬೀಳುವ ಆ ನೀರನ್ನು ಅವರೇ ತರಲಿ. ಈಸ್ಟ್ ಕೋಸ್ಟ್ ರೋಡಿನುದ್ದಕ್ಕೂ ಹೋಗಿ ಚೊಕ್ಕ ನೀರು ತರಬಹುದು, ಆದರೆ 85 ಲೀಟರ್ ಎಂದರೆ 85 ಕಿಲೋಗೂ ಮೇಲೆ. ಕಾರಿನ ಬಾಡಿಗೆ, ಸೋಸುವ ಕೆಲಸ, ಹಿಂಗಾರು ಮಳೆಯ ನಂತರ ಉಪ್ಪಿನಂಶವೇ ಇಳಿದಿರುವ ಬಂಗಾಳ ಕೊಲ್ಲಿ. ಬಿಟ್ಟಿ ನೀರು ಉಪ್ಪಿಗಿಂತ ತುಟ್ಟಿ. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಲ್ಲಿ ನೆಲ ಒರೆಸುತ್ತೇವೆ. 2019ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತ ಊರಿದು. 1914ರಿಂದ ಪಟ್ಟಣಕ್ಕೆ ನೀರು ಸೋಸಿ ಕೊಡುತ್ತಿರುವ ವಾಟರ್ ವರ್ಕ್ಸ್ ಪಕ್ಕದಲ್ಲೇ ಇದ್ದರೂ ಆ ಬವಣೆಗೆ ಕೀಲ್ಪಾಕು ಹೊರತಾಗಿರಲಿಲ್ಲ.

ಚಿಲ್ಲರ್ ಕೊಳ್ಳದೆ ಮೇ ತಿಂಗಳು ದಾಟುವುದು ಹೇಗೆ? ದೀಪವನ್ನು ಸಂಜೆ ಆರಕ್ಕೆ ಹಚ್ಚಿ ಬೆಳಗಿನ ಜಾವ ನಾಲ್ಕಕ್ಕೆ ಆರಿಸುವ ಟೈಮರ್ ಹಾಕಿದೆ. ಮಧ್ಯಾಹ್ನದ ಬಿಸಿಗೆ ದೀಪದ ಬಿಸಿ ಸೇರುವುದಿಲ್ಲ, ನಾವೂ ಮನೆಯಲ್ಲಿರುವ ಹೊತ್ತಿಗೇ ತೋಟ ಬೆಳಗುತ್ತದೆ. ಫ್ಯಾನು ಎರಡು ಡಿಗ್ರಿ ಇಳಿಸುತ್ತದೆ. ಚೆನ್ನೈಯ ಗಾಳಿಯೇ ಒದ್ದೆ, ಹೆಚ್ಚು ನಿರೀಕ್ಷಿಸಬಾರದು. ನೀರು 29, 30ಕ್ಕೆ ಹೋದರೂ ನಮ್ಮ ಬೆಚ್ಚಗಿನ ಕಡಲಿನ ಪಾಚಿ ತಡೆಯುತ್ತದೆ. ಗಟ್ಟಿ ಹವಳವಾಗಿದ್ದರೆ ಬಿಳಿಚಿಕೊಳ್ಳುತ್ತಿತ್ತು.

ಮೊದಲ ಐದಾರು ವಾರ ಮೀನೇ ಇಲ್ಲ. ಬ್ಯಾಕ್ಟೀರಿಯಾ ನೆಲೆಸಲಿ ಎಂದು ಬರೀ ಕಲ್ಲು, ಮರಳು, ಪಾಚಿ. ಈ ಉದ್ಯೋಗದಲ್ಲಿ ಖರ್ಚಿಲ್ಲದೆ ಸಿಗುವ ಏಕೈಕ ಸಾಮಗ್ರಿ ಕಾಯುವಿಕೆ, ಅದನ್ನೇ ಜನ ಉಳಿಸಲು ನೋಡುತ್ತಾರೆ. ಆಮೇಲೆ ಬಂದವು ಎರಡು ಕ್ಲೌನ್ ಮೀನು, ಜೋಡಿಗೆ ಸಾವಿರದ ಇನ್ನೂರು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದವರು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ಪಳಗಿಸಿದ್ದಾರೆ. ಸಾಕಿದ ಮರಿಯನ್ನೇ ಕೇಳಿ ಕೊಳ್ಳಬೇಕು, ಅದು ಹಿಡಿದು ತಂದ ಮೀನಿಗಿಂತ ಹೆಚ್ಚು ದಿನ ಬಾಳುತ್ತದೆ. ಜತೆಗೆ ಇಪ್ಪತ್ತು ರೂಪಾಯಿಯ ಕಪ್ಪು ಮೋಲಿಗಳು. ಹೌದು, ಸಿಹಿನೀರಿನ ಅಂಗಡಿಯ ಅದೇ ಮೋಲಿ! ಬಕೆಟ್ಟಿನಲ್ಲಿಟ್ಟು ಹನಿಹನಿಯಾಗಿ ಉಪ್ಪುನೀರು ಸೇರಿಸುತ್ತ ಬಂದರೆ ಕಡಲಿಗೂ ಒಗ್ಗಿಕೊಳ್ಳುತ್ತದೆ, ಗಾಜಿಗೆ ಕಟ್ಟುವ ಕೂದಲುಪಾಚಿಯನ್ನು ಮೇಯುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಇಪ್ಪತ್ತು ರೂಪಾಯಿಯಲ್ಲಿ ಹೇಳಲು ಏನಿದೆ?

ಈಗ ತಿಂಗಳ ಲೆಕ್ಕ: ಉಪ್ಪು 380, ಕರೆಂಟು ಕಾಲಕ್ಕೆ ತಕ್ಕಂತೆ 170ರಿಂದ 360, ನೀರು, ಆಹಾರ, ಕಿಟ್ಟಿನ ದ್ರಾವಣ ಸೇರಿ ನಾನೂರು ಚಿಲ್ಲರೆ. ಹತ್ತಿರ ಹತ್ತಿರ ಸಾವಿರದ ನೂರು. ಎರಡೇ ವರ್ಷದಲ್ಲಿ ಸಾಕಿದ ಖರ್ಚು ಕೊಂಡ ಖರ್ಚನ್ನು ಹಿಂದೆ ಹಾಕುತ್ತದೆ. ಕೇಳಿದವರಿಗೆ ನಾನು ಹೇಳುವುದು ಇಷ್ಟು: ತಿಂಗಳಿಗೆ ಇಷ್ಟೇ ಎಂದು ಮೊದಲು ಬರೆದಿಡಿ, ಆ ಮೊತ್ತಕ್ಕೆ ಹೊಂದುವ ತೊಟ್ಟಿ ಹುಡುಕಿ. ಐನೂರಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎನ್ನುವವರಿಗೆ ಸಿಹಿನೀರಿನ ಗಿಡದ ತೊಟ್ಟಿಯೇ ಒಳ್ಳೆಯದು, ಅದರಲ್ಲಿ ಅವಮಾನವೇನಿಲ್ಲ.

ಪಾಚಿಯಿಂದ ಅಲ್ಪಸ್ವಲ್ಪ ವರಮಾನವೂ ಇದೆ. ಕೀಟೊಮಾರ್ಫಾ ಕೈತುಂಬ ಬೆಳೆದಾಗ ಕತ್ತರಿಸಿ ಕೊಳತ್ತೂರಿನ ಅಂಗಡಿಯೊಂದಕ್ಕೆ ಕೊಡುತ್ತೇನೆ. ರೊಕ್ಕವಲ್ಲ, ಬದಲಿಗೆ ಮೀನಿನ ಆಹಾರ. ಕೌಲರ್ಪಾವನ್ನು ಮಾತ್ರ ಯಾರಿಗೂ ಸುಲಭವಾಗಿ ಕೊಡುವುದಿಲ್ಲ. 1984ರಲ್ಲಿ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಇದರ ಒಂದು ಜಾತಿ ಚದರ ಮೀಟರಿನಷ್ಟು ಕಾಣಿಸಿಕೊಂಡಿತ್ತು. ಮುಂದೆ ಅದು ಮೆಡಿಟರೇನಿಯನ್ ಕರಾವಳಿಯ ಸಾವಿರಾರು ಎಕರೆ ಹಬ್ಬಿತು. ಕ್ಯಾಲಿಫೋರ್ನಿಯ 2001ರಲ್ಲಿ ಕೌಲರ್ಪಾದ ಹಲವು ಜಾತಿಗಳನ್ನು ಸಾಕುವುದನ್ನೇ ನಿಷೇಧಿಸಿತು. ನಮ್ಮ ಬೀದಿಯ ಮೋರಿ ಸೇರುವುದು ಒಟ್ಟೇರಿ ನಾಲೆಯನ್ನು, ನಾಲೆ ಬಕಿಂಗ್‌ಹ್ಯಾಮ್ ಕಾಲುವೆಯನ್ನು, ಕಾಲುವೆ ಕಡಲನ್ನು. ಕತ್ತರಿಸಿದ ತುಂಡುಗಳನ್ನು ಬಾಲ್ಕನಿಯ ಬಿಸಿಲಲ್ಲಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಕಸದ ಗಾಡಿಗೆ ಹಾಕುತ್ತೇವೆ. ಒಣಗುವಾಗ ಮನೆಯೆಲ್ಲ ಮೀನು ಮಾರುಕಟ್ಟೆಯ ವಾಸನೆ ಎಂದು ಮೇಲಿನ ಮಹಡಿಯವರ ದೂರು ಬಂದಿದೆ. ಅದಕ್ಕೊಂದು ಮುಚ್ಚಳದ ತಟ್ಟೆ ಕೊಳ್ಳಬೇಕು, ಇನ್ನೂರು ರೂಪಾಯಿ.