ದಂಡ ತೆತ್ತ ಬಳಿಕ ಉಳಿಯುವ ಕರ್ತವ್ಯ

ಮದ್ಯಪಾನ ಮಾಡಿ ವಾಹನ ನಡೆಸಿದ ಆಪಾದನೆಯನ್ನು ಒಪ್ಪಿಕೊಂಡು, ದಂಡ ತೆತ್ತು, ನ್ಯಾಯಾಲಯದ ಮೆಟ್ಟಿಲಿಳಿದು ಬಂದವನು “ದಂಡ ಕಟ್ಟೀನ್ರಿ, ಕೇಸ್ ಮುಗೀತು” ಎಂದು ಬಂಧುಗಳಿಗೆ ಹೇಳುವುದು ವಿಜಯಪುರದಲ್ಲಾಗಲಿ, ತಿಕೋಟಾ ಬಬಲೇಶ್ವರಗಳಲ್ಲಾಗಲಿ ಸಾಮಾನ್ಯವಾದ ಮಾತು. ಆದರೆ ದಂಡ ಶಿಕ್ಷೆಯ ಒಂದು ಭಾಗ ಮಾತ್ರ; ಅದಕ್ಕಿಂತ ಗುರುತರವಾದುದು ಚಾಲನಾ ಪರವಾನಗಿಯ ಮೇಲೆ ಬೀಳುವ ಅನರ್ಹತೆ.

1988ರ ಮೋಟಾರು ವಾಹನಗಳ ಅಧಿನಿಯಮದ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರವು 30 ಮಿಲಿಗ್ರಾಮನ್ನು ಮೀರಿದ್ದರೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಹತ್ತು ಸಾವಿರ ರೂಪಾಯಿಯ ದಂಡ ಅಥವಾ ಎರಡೂ; ಮರಳಿ ಅದೇ ಅಪರಾಧವಾದರೆ ಎರಡು ವರ್ಷದವರೆಗಿನ ಸೆರೆವಾಸ, ಹದಿನೈದು ಸಾವಿರದ ದಂಡ ಅಥವಾ ಎರಡೂ. ಇದರ ಜೊತೆಗೆ 20ನೆಯ ಕಲಮು ಕನಿಷ್ಠ ಆರು ತಿಂಗಳ ಅನರ್ಹತೆಯನ್ನು ವಿಧಿಸುತ್ತದೆ. ಆದುದರಿಂದ ಆದೇಶದ ದೃಢೀಕೃತ ನಕಲನ್ನು ಪಡೆದು, ಅದರಲ್ಲಿ ಬರೆದ ಕಲಮು, ಅನರ್ಹತೆ ಆರಂಭವಾಗುವ ದಿನಾಂಕ ಮತ್ತು ಅವಧಿ, ಈ ಮೂರನ್ನು ಸಾವಧಾನವಾಗಿ ಓದಬೇಕು; ಓದು ಬಾರದವರು ಓದಿಸಿ ಕೇಳಬೇಕು. ದಂಡದ ರಸೀದಿಯನ್ನೂ ಜೋಪಾನವಾಗಿಡಬೇಕು.

ತಿಕೋಟಾದ ಕಡೆ ದ್ರಾಕ್ಷಿ ಕಟಾವಿನ ದಿನಗಳು ಬಂದಾಗ, ಬಾಡಿಗೆ ಕೈತಪ್ಪೀತೆಂಬ ಭಯದಿಂದ ಅನರ್ಹತೆಯ ಅವಧಿಯಲ್ಲಿಯೇ ಗಾಡಿ ಹತ್ತುವ ಚಾಲಕನ ಸಂಕಟ ನಾನರಿಯದುದಲ್ಲ. ಹೊಟ್ಟೆಪಾಡಿನ ಮಾತು ಅದು. ಆದರೂ 182ನೆಯ ಕಲಮಿನಂತೆ ಅದು ಪ್ರತ್ಯೇಕ ಅಪರಾಧ: ಮೂರು ತಿಂಗಳವರೆಗಿನ ಸೆರೆವಾಸ, ಹತ್ತು ಸಾವಿರದ ದಂಡ ಅಥವಾ ಎರಡೂ. ತಿಳಿದೂ ಗಾಡಿ ಕೊಟ್ಟ ಮಾಲೀಕನೂ ಹೊಣೆಗಾರನಾಗುವನು. ಅಪಘಾತವಾದಲ್ಲಿ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಲು ಹೊರಡಬಹುದು. ಹಾಗಾದರೆ ಆ ಹೊರೆ ಒಂದು ಕುಟುಂಬದ ಹೊಲವನ್ನೇ ನುಂಗೀತು. ಆ ಆರು ತಿಂಗಳು ಬೇರೆ ದುಡಿಮೆ ಹುಡುಕುವುದೇ ಲೇಸು.

ಸಾರಿಗೆ ಪ್ರಾಧಿಕಾರವು ತಾನೇ ಪರವಾನಗಿಯನ್ನು ಅನರ್ಹಗೊಳಿಸಿದಲ್ಲಿ, ಮರಳಿ ಪಡೆಯಲು ಪುನಶ್ಚೇತನ ತರಬೇತಿಯನ್ನು ಪೂರೈಸಬೇಕು. ಅಂತಹ ಆದೇಶದ ಮೇಲೆ ಮೂವತ್ತು ದಿನಗಳೊಳಗೆ ಮೇಲ್ಮನವಿಗೆ ಅವಕಾಶವುಂಟು. ನ್ಯಾಯಾಲಯದ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲೂ ಮೂವತ್ತೇ ದಿನಗಳು. ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣವನ್ನೂ ಕಾನೂನುಬದ್ಧತೆಯನ್ನೂ ಮಾತ್ರ ಪ್ರಶ್ನಿಸಬಲ್ಲನು. ವಕೀಲರನ್ನು ನೇಮಿಸುವ ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಲಿ, ಇಲ್ಲವೆ 15100ಕ್ಕೆ ಕರೆಮಾಡಲಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.

ಮುಂದೆ ನೌಕರಿಯ ಅರ್ಜಿಯಲ್ಲಿ ಹಿಂದಿನ ಶಿಕ್ಷೆಯನ್ನು ಕೇಳಿದರೆ ಮರೆಮಾಚಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ, ಕ್ಷುಲ್ಲಕ ಸ್ವರೂಪದ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸುವ ವಿವೇಚನೆ ನೇಮಕಾಧಿಕಾರಿಗೆ ಇದೆಯೆಂದು ಹೇಳಿದೆ. ಆದರೆ ಆ ಕೃಪೆಯನ್ನು ನಂಬಿ ಸುಳ್ಳು ಬರೆಯುವುದು ವಿವೇಕವಲ್ಲ.

ಕುಡಿತವು ಒಂದು ರಾತ್ರಿಯ ಅವಿವೇಕವಾಗಿರದೆ ಬಿಡಲಾಗದ ಚಟವಾಗಿದ್ದಲ್ಲಿ, ಯಾವ ಆದೇಶವೂ ಅದನ್ನು ಗುಣಪಡಿಸಲಾರದು. ಅದಕ್ಕೆ ಚಿಕಿತ್ಸೆ ಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಚಟಕ್ಕೆ ಬಿದ್ದವನು ಸಂಕೋಚಪಟ್ಟರೆ ಮನೆಯವರಾದರೂ ಕರೆಮಾಡಿರಿ.